ಗುಂಡಿಯ ಪಾಲಿನ ಲೋಟ

ಅಕ್ಕಪಕ್ಕದವರು ಹಗಲು ಹೊತ್ತು ಪುಟ್ಟ ಮಕ್ಕಳನ್ನು ಬಿಟ್ಟುಹೋಗುವ ಮನೆಯಲ್ಲಿ ನಿಂತ ನೀರು ಇರಕೂಡದು, ಮಗು ಮುಳುಗಲು ಒಂದು ಬಕೆಟ್ಟು ಸಾಕು ಎಂಬುದು ದೊಡ್ಡಮ್ಮನ ಕಟ್ಟಪ್ಪಣೆ. ಬಕೆಟ್ಟು ಖಾಲಿ, ಚೊಂಬು ಬೋರಲು, ಬಚ್ಚಲಿನ ಬಾಗಿಲಿಗೆ ಮೇಲಿನ ಚಿಲಕ. ಗಂಡ ಹಲ್ಲುಜ್ಜಿದ ಮಗ್ಗಿನಲ್ಲಿ ಒಂದು ಗುಟುಕು ಉಳಿದಿದ್ದರೂ ಬೆಳಬೆಳಗ್ಗೆಯೇ ಆತನಿಗೆ ಮಂಗಳಾರತಿ ಆಗುತ್ತಿತ್ತು. ಆತ ಜೀವಮಾನವಿಡೀ ಪ್ಲಂಬರ್ ಕೆಲಸ ಮಾಡಿದವನು. ಊರವರ ಮನೆಗೆಲ್ಲ ನೀರು ತಂದುಕೊಟ್ಟವನಿಗೆ ಸ್ವಂತ ಮನೆಯಲ್ಲಿ ಒಂದು ಮಗ್ಗು ನೀರಿನ ಮೇಲೂ ಹಕ್ಕಿಲ್ಲವಲ್ಲ ಎಂದು ಗೊಣಗುತ್ತಿದ್ದ. ಮಕ್ಕಳು ಆತನನ್ನು ನಲ್ಲಿತಾತ ಎನ್ನುತ್ತಿದ್ದವು.

ಇಷ್ಟೆಲ್ಲ ಬಿಗಿ ಮಾಡುವ ಇದೇ ದೊಡ್ಡಮ್ಮ, ಬಿಸಿಲು ಬಂದ ದಿನ ಹಿತ್ತಲಿನ ಚಪ್ಪಡಿ ಕಲ್ಲುಗಳ ಮೇಲೆ ಅಗಲವಾದ ಟಬ್ ಇಟ್ಟು, ಪುಟ್ಟ ಅಂಗೈ ಮುಳುಗುವಷ್ಟು ನೀರು ಬಿಟ್ಟು, ಅದರೊಳಗೆ ಲೋಟ, ಜರಡಿ, ಆಲಿಕೆ, ಸ್ಪಂಜು, ತೂತಿನ ಸೌಟು ಎಲ್ಲ ಸುರಿದು ಮಕ್ಕಳನ್ನು ಆಡಲು ಬಿಡುತ್ತಿದ್ದಳು. ಬಿಡುವುದು ಎಂದರೆ ಅವಳು ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂರುವುದು. ಆಗ ಬಾಗಿಲ ಗಂಟೆ ಹೊಡೆದುಕೊಳ್ಳಲಿ, ಫೋನು ಬಡಿದುಕೊಳ್ಳಲಿ, ಒಲೆಯ ಮೇಲೆ ಹಾಲು ಉಕ್ಕಿ ಹರಿಯಲಿ, ಜಪ್ಪಯ್ಯ ಅಂದರೂ ಅವಳು ಏಳುವವಳಲ್ಲ. ಆಟ ಮುಗಿದ ಕ್ಷಣವೇ ಟಬ್ಬಿನ ನೀರು ಗಿಡಗಳ ಬುಡಕ್ಕೆ ಹೋಗಬೇಕು. ಆಮೇಲೆ ಅವಳು ಮನೆಯನ್ನೆಲ್ಲ ಒಂದು ಸುತ್ತು ಹಾಕಿ, ಎಲ್ಲಿಯೂ ಒಂದು ತೊಟ್ಟೂ ನಿಂತಿಲ್ಲವೆಂದು ನೋಡಿಕೊಂಡ ಮೇಲೇ ಸೊಂಟ ನೆಟ್ಟಗೆ ಮಾಡುತ್ತಿದ್ದಳು.

ಇಷ್ಟು ವರ್ಷ ಕೂತು ನೋಡಿದರೂ ಅವಳಿಗೆ ಆ ಆಟ ಹಳತಾಗಿರಲಿಲ್ಲ. ಆಲಿಕೆಯೊಳಗೆ ನೀರು ಸುತ್ತಿ ಸುತ್ತಿ ಇಳಿಯುವುದನ್ನು ನೋಡಿ ಮಕ್ಕಳು ಬಾಯಿ ತೆರೆದಾಗ ಅವಳ ಬಾಯಿಯೂ ತಾನಾಗಿ ತೆರೆದುಕೊಳ್ಳುತ್ತಿತ್ತು. ದಿನಾ ನೋಡೋ ನೀರೇ ತಾನೇ ಎಂದು ನಲ್ಲಿತಾತ ಕಿಚಾಯಿಸಿದರೆ, ದಿನಾ ಕಂಡರೂ ನೀವು ನೋಡಲಿಲ್ಲ, ಅವು ನೋಡ್ತಿದಾವೆ ಎನ್ನುತ್ತಿದ್ದಳು.

ಅವಳ ಬಳಿ ಬರುತ್ತಿದ್ದ ಮಕ್ಕಳಲ್ಲಿ ಟೈಲರಮ್ಮನ ಅವಳಿ ಹೆಣ್ಣುಮಕ್ಕಳೂ ಇದ್ದವು. ಮೊದಲು ಹುಟ್ಟಿದ್ದು ಗುಂಡಿ, ಆಮೇಲೆ ಕಾಜ. ಒಂದಿಲ್ಲದಿದ್ದರೆ ಇನ್ನೊಂದು ಕೆಲಸಕ್ಕೆ ಬಾರದು ಎಂದು ತಾಯಿಯೇ ನಗುತ್ತ ಇಟ್ಟ ಅಡ್ಡಹೆಸರು. ಇನ್ನೂ ನಾಲ್ಕು ತುಂಬದ ಗುಂಡಿ ಅರಳು ಹುರಿದ ಹಾಗೆ ಮಾತಾಡುವವಳು. ಕಾಜ ಅವಳ ಪಕ್ಕ ನಿಂತು ಎಲ್ಲದಕ್ಕೂ 'ಹೂಂ' ಎನ್ನುವವಳು. ಹಸಿವಾದರೆ ಕಾಜಳ ಹಸಿವನ್ನೂ ಗುಂಡಿಯೇ ಹೇಳಬೇಕು. ಒಬ್ಬಳಿಗೆ ನೀರು ಕೊಟ್ಟರೆ ಅವಳು ಅರ್ಧ ಕುಡಿದು ಲೋಟವನ್ನು ಇನ್ನೊಬ್ಬಳ ಕೈಗೆ ದಾಟಿಸುತ್ತಿದ್ದಳು. ಅದು ಅವರಿಬ್ಬರಿಗೆ ಯಾರೂ ಕಲಿಸಿದ್ದಲ್ಲ.

ಗುಂಡಿಯ ಎದೆಯಲ್ಲಿ ಹುಟ್ಟುವಾಗಲೇ ಒಂದು ತೂತಿತ್ತು. ಈಗ ಆಪರೇಷನ್ ಆಗಲೇಬೇಕು ಎಂದು ಡಾಕ್ಟರು ಹೇಳಿ, ಒಂದು ಬೆಳಗ್ಗೆ ಕಾಜ ಏಳುವುದಕ್ಕೆ ಮುಂಚೆಯೇ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಆಪರೇಷನ್ನೇನೋ ಆಯಿತು. ಆದರೆ ಗುಂಡಿ ಇನ್ನೂ ನಳಿಗೆಗಳ ನಡುವೆ ಮಲಗಿದ್ದಳು, ಮನೆಯಲ್ಲಿ ಕಾಜ ಮಾತು ಬಿಟ್ಟಳು. ಊಟವನ್ನೂ ಬಿಟ್ಟ ಹಾಗೆಯೇ. ತುತ್ತು ಬಾಯಿಗಿಟ್ಟರೆ ಅದು ಕೆನ್ನೆಯಲ್ಲೇ ಕೂತಿರುತ್ತಿತ್ತು.

ಟೈಲರಮ್ಮ ಬೆಳಗ್ಗೆ ಕಾಜಳನ್ನು ದೊಡ್ಡಮ್ಮನ ಮನೆಗೆ ಬಿಟ್ಟು ಆಸ್ಪತ್ರೆಗೆ ಓಡುತ್ತಿದ್ದಳು. ಒಂದು ದಿನ ಬಾಗಿಲಲ್ಲಿ ನಿಂತವಳಿಗೆ ದುಃಖ ತಡೆಯಲಾಗಲಿಲ್ಲ. ಗುಂಡಿಗೆ ನೀರನ್ನು ಚಮಚದಲ್ಲಿ ಅಳೆದು ಕೊಡುತ್ತಾರಂತೆ, ಹೆಚ್ಚಾದರೆ ಎದೆಗೆ ಭಾರವಂತೆ. ಮಗು ಹಗಲೆಲ್ಲ ನೀರು ನೀರು ಎಂದು ಅಳುವುದಂತೆ, ತಾನು ತುಟಿಗೆ ಒದ್ದೆ ಬಟ್ಟೆ ಒತ್ತಿ ಕೂತಿರುವುದಂತೆ. ಇಷ್ಟು ಹೇಳಿ ಅವಳು ಮೂಗು ಒರೆಸಿಕೊಂಡಳು.

"ದೊಡ್ಡಮ್ಮ, ಅಲ್ಲಿ ಅವಳನ್ನ ಡಾಕ್ಟರು ನೋಡ್ಕೊಳ್ತಾರೆ. ಇವಳು ನನ್ನ ಕಣ್ಣೆದುರಿಗೇ ಸೊರಗಿ ಹೋಗ್ತಿದಾಳೆ. ಇವಳ ಕೈ ಬಿಡಬೇಡಿ."

ತಾಯಿಯ ಕೈಬೆರಳು ಹಿಡಿದು ನಿಂತಿದ್ದ ಕಾಜ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ದೊಡ್ಡವರು ಮಕ್ಕಳ ತಲೆಯ ಮೇಲಿಂದ ಮಾತಾಡುವಾಗ ಮಾತು ಕೆಳಗೂ ಬೀಳುತ್ತದೆ ಎಂಬುದನ್ನು ಮರೆತುಬಿಡುತ್ತಾರೆ. ಮಕ್ಕಳ ನಡುವೆಯೇ ಬದುಕಿದ ದೊಡ್ಡಮ್ಮನೂ ಅವತ್ತು ಮರೆತಳು.

ಆ ದಿನ ಒಳ್ಳೆಯ ಬಿಸಿಲಿತ್ತು. ಟಬ್ ಹೊರಗೆ ಬಂತು. ವಾರವಿಡೀ ಮೂಲೆ ಹಿಡಿದಿದ್ದ ಕಾಜ ತಾನಾಗಿ ಎದ್ದು ಬಂದು ಮಂಡಿಯೂರಿದಳು. ಒಳಗಿನ ನೀರು ಹೊರಗೆ ಕಾಣುವ ಎರಡು ಪ್ಲಾಸ್ಟಿಕ್ ಲೋಟಗಳನ್ನು ಆರಿಸಿಕೊಂಡಳು. ಎರಡರ ಮೇಲೂ ಕೆಂಪು ಹೂವಿನ ಚಿತ್ರ. ಒಂದರಲ್ಲಿ ನೀರು ತುಂಬಿ, ಇನ್ನೊಂದರಲ್ಲಿ ತುಂಬಿ, ಎರಡನ್ನೂ ಪಕ್ಕಪಕ್ಕ ಹಿಡಿದು, ಕತ್ತು ವಾರೆ ಮಾಡಿ ನೋಡಿದಳು. ಇದರಲ್ಲಿ ಹೆಚ್ಚಾದರೆ ಅದಕ್ಕೆ ಹನಿಸುವಳು, ಅದರಲ್ಲಿ ಹೆಚ್ಚಾದರೆ ಇದಕ್ಕೆ. ಎರಡರಲ್ಲೂ ನೀರು ಹೂವಿನ ನೆತ್ತಿಗೆ ಬಂದು ನಿಲ್ಲುವವರೆಗೂ ಬಿಡಲಿಲ್ಲ. ಮೇಷ್ಟ್ರು ಎಂದು ಹೆಸರು ಪಡೆದಿದ್ದ, ಎಲ್ಲದಕ್ಕೂ ಯಾಕೆ ಎಂದು ಕೇಳುವ ಪೋರ ಕೂಡ ತನ್ನ ಜರಡಿ ಬಿಟ್ಟು ಅದನ್ನೇ ನೋಡುತ್ತ ಕೂತ. ವಾರದಿಂದ ಕಲ್ಲಿನಂತಿದ್ದ ಮಗುವಿನ ಬೆರಳುಗಳಲ್ಲಿ ಇಷ್ಟೊಂದು ಜೀವ ಎಲ್ಲಿಂದ ಬಂತೆಂದು ದೊಡ್ಡಮ್ಮ ಮಣೆಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು.

ಆಟ ಮುಗಿಯಿತು, ಟಬ್ಬಿನ ನೀರು ಗಿಡಕ್ಕೆ ಹೋಯಿತು, ಮಕ್ಕಳ ಮೈ ಒರೆಸಿ ಬಟ್ಟೆ ಬದಲಿಸಿ ಆಯಿತು. ದೊಡ್ಡಮ್ಮ ಎಂದಿನಂತೆ ಮನೆ ಸುತ್ತು ಹಾಕಿದಳು. ಚಪ್ಪಲಿ ಗೂಡಿನ ಹಿಂದೆ, ಗೋಡೆಗೆ ಒತ್ತಿ ಇಟ್ಟಂತೆ, ಹೂವಿನ ಚಿತ್ರದ ಒಂದು ಲೋಟ. ತುಂಬ ನೀರು. ಅವಳ ಕಣ್ಣು ತಪ್ಪಿಸಿ ಇದು ಇಲ್ಲಿಗೆ ಹೇಗೆ ಬಂತೆಂದು ತನಗೆ ತಾನೇ ಬೈದುಕೊಳ್ಳುತ್ತ, ಕೈ ಕಲಿತ ಕೆಲಸವನ್ನು ಮಾಡಿಬಿಟ್ಟಳು. ನೀರು ಮೋರಿಗೆ ಹೋಯಿತು.

ಹಿಂದಿನಿಂದ ಒಂದು ಕೂಗು ಎದ್ದಿತು. ತಿರುಗಿ ನೋಡಿದರೆ ಕಾಜ. ಮೋರಿಯ ಬಾಯಿಗೆ ಓಡಿಹೋಗಿ, ಜಾಲರಿಯ ಮೇಲೆ ಎರಡೂ ಅಂಗೈ ಊರಿ, ಹೋದ ನೀರನ್ನು ಹಿಡಿಯಲು ನೋಡುತ್ತಿದ್ದಳು.

"ಗುಂಡಿದು," ಎಂದಳು. ವಾರದ ಮೇಲೆ ಅವಳ ಬಾಯಿಂದ ಬಂದ ಮೊದಲ ಮಾತು. "ಅದು ಗುಂಡಿದು."

ದೊಡ್ಡಮ್ಮನಿಗೆ ಬೆಳಗಿನ ಬಾಗಿಲು, ತಾಯಿಯ ಮಾತು, ಚಮಚ, ಒದ್ದೆ ಬಟ್ಟೆ ಎಲ್ಲ ಒಟ್ಟಿಗೇ ಹೊಳೆಯಿತು. ಬಾಯಾರಿದ ಮಗುವಿಗೆಂದು ಇನ್ನೊಂದು ಮಗು ಎತ್ತಿಟ್ಟ ನೀರನ್ನು ತಾನು ಮೋರಿಗೆ ಚೆಲ್ಲಿಬಿಟ್ಟಿದ್ದಳು. ಅವಳು ಅಲ್ಲೇ ಕೂತು ಕಾಜಳನ್ನು ಎದೆಗವಚಿಕೊಂಡಳು. ಮಗು ಕೊಸರಾಡಿ, ಅತ್ತು ಅತ್ತು, ಕೊನೆಗೆ ಅವಳ ಮಡಿಲಲ್ಲೇ ನಿದ್ದೆ ಹೋಯಿತು.

ಮಾರನೆಯ ಬೆಳಗ್ಗೆ ದೊಡ್ಡಮ್ಮ ತಾನೇ ಕಟ್ಟಿದ ಕಟ್ಟಳೆಯನ್ನು ತಾನೇ ಮುರಿದಳು. ಹೂವಿನ ಲೋಟ ಕಾಜಳ ಕೈಗೆ ಕೊಟ್ಟು ನಲ್ಲಿಯ ಕೆಳಗೆ ಹಿಡಿಸಿದಳು. ನೀರು ಹೂವಿನ ನೆತ್ತಿ ಮುಟ್ಟಿದ ಮೇಲೆ ಲೋಟವನ್ನು ಅಡುಗೆಮನೆ ಕಿಟಕಿಯ ಮೇಲಿನ ಎತ್ತರದ ಹಲಗೆಯ ಮೇಲೆ, ಯಾವ ಮಗುವಿನ ಕೈಗೂ ಸಿಗದ ಜಾಗದಲ್ಲಿ ಇಟ್ಟಳು.

"ಇದು ಗುಂಡಿದು. ಇದನ್ನ ಯಾರೂ ಚೆಲ್ಲಲ್ಲ. ನಾನೂ ಚೆಲ್ಲಲ್ಲ," ಎಂದಳು.

ನಲ್ಲಿತಾತ ಬಂದು ಹಲಗೆ ನೋಡಿ, ಹೆಂಡತಿಯ ಮುಖ ನೋಡಿ, ಏನೋ ಹೇಳಲು ಬಾಯಿ ತೆರೆದ. ತನ್ನ ಮಗ್ಗಿನ ಹಳೆಯ ಸೇಡು ತೀರಿಸಿಕೊಳ್ಳುವ ಒಳ್ಳೆಯ ಸಮಯ ಅದು. ಆದರೆ ಕಾಜಳನ್ನು ಕಂಡು ಬಾಯಿ ಮುಚ್ಚಿಕೊಂಡ.

ಅವತ್ತಿನ ಆಟದಲ್ಲಿ ಮಕ್ಕಳು ಒದ್ದೆ ಅಂಗೈಯನ್ನು ಬಿಸಿಕಲ್ಲಿನ ಮೇಲೆ ಒತ್ತಿದರು. ಐದು ಬೆರಳು ಚೆನ್ನಾಗಿ ಮೂಡಿದವು. ನೋಡುತ್ತಿದ್ದಂತೆಯೇ ಅಂಚಿನಿಂದ ಕರಗುತ್ತ ಬಂದು, ಕೊನೆಗೆ ಬರೀ ಕಲ್ಲು ಉಳಿಯಿತು. ಎಲ್ಲಿಗೆ ಹೋಯ್ತು ಎಂದು ಮೇಷ್ಟ್ರು ತನಿಖೆಗೆ ಇಳಿದ. ಗಾಳಿಗೆ ಹೋಯಿತು, ಗಾಳಿಯ ಜೊತೆ ಎಲ್ಲ ಕಡೆಗೂ ಹೋಗುತ್ತದೆ ಎಂದಳು ದೊಡ್ಡಮ್ಮ. ಹೇಳಿದ ಮೇಲೆ ತಾನೂ ಆ ಬರಿಗಲ್ಲನ್ನು ನೋಡುತ್ತ ಕೂತಳು. ಇದ್ದದ್ದು ಹೀಗೆ ಕಣ್ಣೆದುರಿಗೇ ಇಲ್ಲವಾಗುವುದು, ಇಲ್ಲವಾಗಿಯೂ ಎಲ್ಲೋ ಇರುವುದು ಎಂಥ ಸೋಜಿಗ ಅನಿಸಿತು.

"ಆಸ್ಪತ್ರೆಗೂ ಹೋಗುತ್ತಾ?" ಎಂದು ಪಿಸುಗುಟ್ಟಿದವಳು ಕಾಜ.

ದೊಡ್ಡಮ್ಮ ಯೋಚಿಸಿದಳು. ಸುಳ್ಳು ಹೇಳುವುದು ಅವಳ ಜಾಯಮಾನವಲ್ಲ. ಆದರೆ ಇದರಲ್ಲಿ ಸುಳ್ಳು ಎಲ್ಲಿದೆ ಎಂದು ಹುಡುಕಿದರೆ ಸಿಗಲಿಲ್ಲ. ಹೋಗುತ್ತೆ ಎಂದಳು.

ಅಂದಿನಿಂದ ಕಾಜ ಬೆಳಗ್ಗೆ ಬಂದವಳೇ ಎರಡೂ ಕೈ ಮೇಲೆತ್ತಿ ನಿಲ್ಲುತ್ತಿದ್ದಳು. ದೊಡ್ಡಮ್ಮ ಅವಳನ್ನು ಎತ್ತಿ ಹಲಗೆಯ ಲೋಟ ತೋರಿಸಬೇಕು. ಮೊದಲ ಬೆಳಗ್ಗೆ ನೀರು ಇಳಿದದ್ದು ಏನೂ ತಿಳಿಯಲಿಲ್ಲ. ಆಮೇಲೊಂದು ಬೆಳಗ್ಗೆ ನೀರು ಹೂವಿನ ನೆತ್ತಿ ಬಿಟ್ಟು ಎಸಳಿಗೆ ಇಳಿದಿತ್ತು. ಕಾಜ ಬೆರಳಿನಿಂದ ಮುಟ್ಟಿ ನೋಡಿದಳು. ಅವಳ ಮೈ ಝುಮ್ಮೆಂದದ್ದು ದೊಡ್ಡಮ್ಮನ ತೋಳಿಗೆ ಗೊತ್ತಾಯಿತು.

"ಕುಡಿದ್ಲು," ಎಂದಳು ಕಾಜ.

ಕಿಟಕಿಯ ಬಿಸಿಲಿಗೆ ನೀರು ಆರುತ್ತದೆ ಎಂದು ದೊಡ್ಡಮ್ಮನಿಗೆ ಗೊತ್ತಿರಲಿಲ್ಲವೆ? ಚೆನ್ನಾಗಿಯೇ ಗೊತ್ತಿತ್ತು. ಆದರೂ ಆ ಪುಟ್ಟ ಧ್ವನಿ ಕಿವಿಯ ಪಕ್ಕದಲ್ಲೇ ಹೇಳಿದಾಗ ಅವಳ ಮೈಯೂ ನವಿರೆದ್ದಿತು. ಅವತ್ತು ಕಾಜ ಕೆನ್ನೆಯಲ್ಲಿಟ್ಟ ತುತ್ತನ್ನು ನುಂಗಿದಳು. ಇನ್ನೊಂದಕ್ಕೆ ಬಾಯಿ ತೆರೆದಳು. ಎಸಳಿನಿಂದ ನೀರು ತೊಟ್ಟಿಗೆ ಇಳಿಯುವ ಹೊತ್ತಿಗೆ ಅವಳು ಮೇಷ್ಟ್ರ ತಟ್ಟೆಗೂ ಕೈ ಹಾಕುವಷ್ಟು ಗಟ್ಟಿಯಾಗಿದ್ದಳು. ಅವನು ದೂರು ತಂದಾಗ ದೊಡ್ಡಮ್ಮನಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಆಮೇಲೆ ಮೋಡ ಕವಿಯಿತು. ಬಿಸಿಲಿನ ಸುಳಿವಿಲ್ಲ, ಗಾಳಿಯೆಲ್ಲ ತೇವ. ಬೆಳಗ್ಗೆ ಎತ್ತಿ ತೋರಿಸಿದರೆ ನೀರು ನಿನ್ನೆ ಎಲ್ಲಿತ್ತೋ ಅಲ್ಲೇ ಇತ್ತು. ಮರುದಿನವೂ ಅಷ್ಟೆ. ಮಧ್ಯಾಹ್ನ ಕಾಜ ತಟ್ಟೆಯನ್ನು ಮೆಲ್ಲಗೆ ಆಚೆ ತಳ್ಳಿದಳು. ಅದೇ ಸಮಯಕ್ಕೆ ಗುಂಡಿಗೆ ಜ್ವರ ಎಂಬ ಸುದ್ದಿಯೂ ಬಂತು. ಟೈಲರಮ್ಮನ ಮುಖದಲ್ಲಿ ಕಳೆ ಇರಲಿಲ್ಲ.

ಮಾರನೆಯ ಬೆಳಗ್ಗೆ ಮಕ್ಕಳು ಬರುವುದಕ್ಕೆ ಮುಂಚೆ ದೊಡ್ಡಮ್ಮ ಸ್ಟೂಲು ಹಾಕಿಕೊಂಡು ಹತ್ತಿ ಲೋಟ ಕೈಗೆ ತೆಗೆದುಕೊಂಡಳು. ಒಂದೇ ಒಂದು ಗುಟುಕು ಚೆಲ್ಲಿದರೆ ಆಯಿತು, ಮಗು ಊಟ ಮಾಡುತ್ತದೆ. ಯಾರಿಗೂ ನಷ್ಟವಿಲ್ಲ. ಲೋಟ ವಾಲಿಸಲು ಹೋದವಳಿಗೆ ಕೈಯೇ ಬರಲಿಲ್ಲ. ಮೋರಿಯ ಜಾಲರಿಯ ಮೇಲಿದ್ದ ಎರಡು ಅಂಗೈ ಕಣ್ಣಿಗೆ ಕಟ್ಟಿದವು. ಚೆಲ್ಲಲ್ಲ ಎಂದು ತಾನು ಕೊಟ್ಟ ಮಾತೂ ನೆನಪಾಯಿತು. ಕೆಳಗೆ ಸ್ಟೂಲು ಹಿಡಿದು ನಿಂತಿದ್ದ ನಲ್ಲಿತಾತ, ಇಟ್ಟುಬಿಡು ಎಂದ. ಅವಳು ಇಟ್ಟು ಇಳಿದಳು.

ಕಾಜ ಬಂದು ಕೈ ಎತ್ತಿದಳು. ನೋಡಿದಳು. ದೊಡ್ಡಮ್ಮ ಅವಳನ್ನು ಇಳಿಸಲು ಬಗ್ಗುವಷ್ಟರಲ್ಲಿ ಮಗುವೇ ಅವಳ ಕೊರಳು ಬಳಸಿ, ಗುಟ್ಟು ಹೇಳುವಂತೆ ಕಿವಿಗೆ ಬಾಯಿಟ್ಟಿತು.

"ಮಲಗಿದಾಳೆ. ಎದ್ದಮೇಲೆ ಕುಡೀತಾಳೆ."

ಸಂಜೆ ಟೈಲರಮ್ಮ ಬಂದಳು. ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ರಾತ್ರಿಯೇ ಜ್ವರ ಬಿಟ್ಟಿತಂತೆ. ಇವತ್ತು ಗುಂಡಿ ಅಳಲೇ ಇಲ್ಲವಂತೆ, ಹಗಲೆಲ್ಲ ಗೊರಕೆ ಹೊಡೆದು ಮಲಗಿದ್ದಳಂತೆ. ಈಗ ಎದ್ದು ಕೂತಿದ್ದಾಳೆ, ನೀರನ್ನು ಲೋಟದಲ್ಲೇ ಕೊಡಿ ಎಂದು ಡಾಕ್ಟರು ಹೇಳಿದ್ದಾರೆ ಎಂದಳು. ದೊಡ್ಡಮ್ಮ ಶಕುನ, ಪವಾಡ ಎಂದೆಲ್ಲ ನಂಬುವ ಹೆಂಗಸಲ್ಲ. ಆದರೂ ಆ ಹೊತ್ತಿಗೆ ಅವಳ ಕಣ್ಣು ತಾನಾಗಿ ಅಡುಗೆಮನೆಯ ಹಲಗೆಯ ಕಡೆ ತಿರುಗಿತು. ಕಾಜ ಮಾತ್ರ ತನಗೆ ಇದೇನೂ ಹೊಸ ಸುದ್ದಿಯಲ್ಲ ಎಂಬಂತೆ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು.

ಮತ್ತೆ ಬಿಸಿಲು ಬಂತು. ನೀರು ಹೂವಿನ ತೊಟ್ಟನ್ನೂ ದಾಟಿ ಇಳಿಯಿತು, ಕೊನೆಗೆ ಲೋಟ ಒಣಗಿ ಒಳಗೆ ತೆಳ್ಳಗೆ ಬಿಳಿ ಗೀರುಗಳು ಉಳಿದವು. ಕೆಲವು ದಿನಗಳ ಮೇಲೆ ಗುಂಡಿ ಬಂದಳು. ಸೊರಗಿ ಕಡ್ಡಿಯಾಗಿದ್ದಳು. ಅಂಗಿಯ ಕೊರಳಲ್ಲಿ ಗಾಯದ ಪಟ್ಟಿಯ ತುದಿ ಕಾಣುತ್ತಿತ್ತು. ಮಾತು ಕಡಿಮೆಯಾಗಿತ್ತು. ಯಾರು ಹತ್ತಿರ ಬಂದರೂ ಸೂಜಿಯೇ ಎಂಬಂತೆ ಹಿಂದೆ ಸರಿಯುತ್ತಿದ್ದಳು. ಅವತ್ತು ಟಬ್ಬಿನ ಹತ್ತಿರ ಮಣೆಯ ಮೇಲೆ ಅವಳನ್ನು ಕೂರಿಸಿ, ಕೈ ಮಾತ್ರ ಒದ್ದೆ ಮಾಡಿಕೋ ಎಂದಳು ದೊಡ್ಡಮ್ಮ. ಗುಂಡಿ ನೀರನ್ನು ಮುಟ್ಟದೆ ಸುಮ್ಮನೆ ನೋಡಿದಳು. ಇಷ್ಟೊಂದು ನೀರು ಒಂದೇ ಕಡೆ ಇರಬಹುದೆಂಬುದನ್ನು ಮರೆತವಳಂತೆ.

"ಅಲ್ಲಿ ನೀರೇ ಕೊಡ್ಲಿಲ್ಲ," ಎಂದಳು ಮೆಲ್ಲಗೆ.

ಕಾಜ ತಲೆ ಎತ್ತಿದಳು. ಎಲ್ಲದಕ್ಕೂ 'ಹೂಂ' ಎನ್ನುತ್ತಿದ್ದವಳು ಈ ಸಲ ಅನ್ನಲಿಲ್ಲ.

"ನಾನು ಕೊಟ್ಟೆನಲ್ಲ," ಎಂದಳು.

ದೊಡ್ಡಮ್ಮ ನಡುವೆ ಬಾಯಿ ಹಾಕಿ ಏನಾದರೂ ಹೇಳಬೇಕಿತ್ತು. ಗುಂಡಿ ಇಲ್ಲ ಎಂದುಬಿಟ್ಟರೆ, ಹಲಗೆಯ ಮೇಲಿನ ಅಷ್ಟೂ ಬೆಳಗುಗಳು ಸುಳ್ಳಾಗಿಬಿಡುತ್ತಿದ್ದವು. ಗುಂಡಿ ತಂಗಿಯನ್ನು ನೋಡಿದಳು. ಹುಬ್ಬು ಗಂಟಿಕ್ಕಿ, ನಿಜವಾಗಿಯೂ ನೆನಪು ಮಾಡಿಕೊಳ್ಳುವವಳ ಹಾಗೆ ಬಹಳ ಹೊತ್ತು ಯೋಚಿಸಿದಳು. ಜರಡಿಯಿಂದ ಹನಿ ಬೀಳುತ್ತಲೇ ಇತ್ತು.

"ಹೂಂ," ಎಂದಳು ಗುಂಡಿ. "ತಣ್ಣಗಿತ್ತು."

ಕಾಜ ತಲೆಯಾಡಿಸಿ, ಎರಡು ಲೋಟ ತೆಗೆದುಕೊಂಡು ಒಂದನ್ನು ಅಕ್ಕನ ಕೈಗೆ ಕೊಟ್ಟಳು. ಇಬ್ಬರೂ ನೀರು ತುಂಬತೊಡಗಿದರು. ಒಳಗೆ ಬಾಗಿಲ ಗಂಟೆ ಹೊಡೆದುಕೊಳ್ಳುತ್ತಿತ್ತು. ದೊಡ್ಡಮ್ಮ ಏಳಲಿಲ್ಲ.