ಎರೆಯುವವಳು ಬಂದ ಭಾನುವಾರ

ಸುಹಾಸಿನಿಯ ಅಂಗೈ ಬೆನ್ನಿಗೆ ತಗಲಿದ್ದೇ ತಡ, ಬಂಟಿ ಮತ್ತೆ ಎದ್ದು ಹೋಗಿ ಹುಲ್ಲಿನ ಅಂಚಿನಲ್ಲಿ ಕೂತುಬಿಟ್ಟಿತು.

"ಕೈ ಇಲ್ಲಿದೆ, ಮನಸ್ಸು ಎಲ್ಲೋ ಇದೆ. ನಾಯಿಗೆ ಅದು ಗೊತ್ತಾಗುತ್ತದೆ, ಮ್ಯಾಡಮ್," ಎಂದು ನಾಯಿ ಮಸಾಜ್ ಕ್ಲಾಸಿನ ಟೀಚರ್ ನಿರೀಕ್ಷಾ ಮೆಲ್ಲಗೆ ಇಂಗ್ಲಿಷಿನಲ್ಲಿ ಹೇಳಿದಳು. "ಮೊದಲು ಅದರ ಉಸಿರಿನ ಜೊತೆ ಉಸಿರಾಡಿ. ಆಮೇಲೆ ಮುಟ್ಟಿ."

ಜೂಬಿಲಿ ಹಿಲ್ಸಿನ ಆ ಹುಲ್ಲುಹಾಸಿನ ಮೇಲೆ ಮಿಕ್ಕ ನಾಯಿಗಳೆಲ್ಲ ಕಾಲು ಚಾಚಿ ಮಲಗಿದ್ದವು. ಅವುಗಳ ಪಕ್ಕ ಮಾಧಾಪುರದ ಸಾಫ್ಟ್‌ವೇರ್ ಮಂದಿ ಕಣ್ಣು ಮುಚ್ಚಿ ಕೂತಿದ್ದರು. ವಾರವಿಡೀ ಪಕ್ಕದ ಕುರ್ಚಿಯವನ ಮುಖ ನೋಡಲು ಪುರಸೊತ್ತಿಲ್ಲದವರು ಭಾನುವಾರ ಬೆಳಿಗ್ಗೆ ನಾಯಿಯ ಕಿವಿ ತೀಡುತ್ತಿದ್ದರು. ಬೇರೆ ದಿನವಾಗಿದ್ದರೆ ಸುಹಾಸಿನಿಗೆ ನಗು ಬರುತ್ತಿತ್ತು. ಇವತ್ತು ಸಂಜೆ ಶಂಕರಪಲ್ಲಿಯ ತೋಟದವನು ಬಂಟಿಯನ್ನು ಒಯ್ಯಲು ಬರುವವನಿದ್ದ.

ಬಸುರಿಯಿದ್ದಾಗ ಇದೇ ನಾಯಿ ಅವಳ ಹೊಟ್ಟೆಗೆ ಕಿವಿಯೊತ್ತಿ ಮಲಗುತ್ತಿತ್ತು. ಹೆರಿಗೆಯಲ್ಲೇ ಕೂಸು ತೀರಿಕೊಂಡು ಅವಳು ಬರಿಗೈಯಲ್ಲಿ ಮನೆಗೆ ಬಂದ ಮೇಲೆ ಹತ್ತಿರ ಸುಳಿಯುವುದನ್ನೇ ಬಿಟ್ಟಿತು. ಹೋದ ವಾರ ತಬ್ಬಿಕೊಳ್ಳಲು ಹೋದಾಗ ಮುಂಗೈ ಕಚ್ಚಿತ್ತು. ರಕ್ಷಣಾ ಪ್ರಯೋಗಾಲಯದಲ್ಲಿ ಕೆಲಸದಲ್ಲಿರುವ ಗಂಡ ಗುರುರಾಜ ಅಂದೇ ಬಂಟಿಯನ್ನು ತೋಟಕ್ಕೆ ಕಳಿಸುವ ತೀರ್ಮಾನ ಮಾಡಿದ. ತೊಟ್ಟಿಲನ್ನೂ ಅವನು ಹೀಗೆಯೇ ಸಾಗಹಾಕಿದ್ದ. ದುಃಖ ಅವನಿಗೂ ಇತ್ತು. ಆ ದುಃಖಕ್ಕೆ ಮನೆ ಖಾಲಿ ಮಾಡುವುದೊಂದೇ ಗೊತ್ತಿತ್ತು.

"ಕ್ಲಾಸಿಗೆ ಹೋಗಿ ನೋಡು. ನಿನ್ನ ಕೈಯಾಗ ನಿಂತರ ಇರಲಿ, ಇಲ್ಲಂದ್ರ ಕಳಿಸಿಬಿಡೋಣು," ಎಂದಿದ್ದ.

ಕೊಂಡಾಪುರದ ಮನೆಗೆ ಮರಳಿದವಳು ಯಂಕಮ್ಮನಿಗೆ ಫೋನ್ ಮಾಡಿದಳು. ಯಂಕಮ್ಮ ಲಿಂಗಸುಗೂರು ಕಡೆಯವಳು. ಅಪಾರ್ಟ್‌ಮೆಂಟಿನ ಹಿಂದೆ ಏಳುತ್ತಿದ್ದ ಟವರಿನಲ್ಲಿ ಇಟ್ಟಿಗೆ ಹೊರುತ್ತಾ, ಬಿಡುವಾದಾಗ ಕೂಸುಗಳಿಗೆ ಎಣ್ಣೆ ಹಚ್ಚಿ ಬಿಸಿನೀರು ಎರೆಯುತ್ತಿದ್ದಳು. ಅವಳ ಕೈ ಬಿದ್ದರೆ ಎಂಥ ರಚ್ಚೆ ಹಿಡಿದ ಕೂಸೂ ನಿದ್ದೆ ಹೋಗುತ್ತದೆಂದು ಕೇಳಿ, ಸುಹಾಸಿನಿ ಏಳನೇ ತಿಂಗಳಲ್ಲೇ ತನ್ನ ಕೂಸಿಗೂ ಎರೆಯಬೇಕೆಂದು ಅವಳಿಗೆ ಹೇಳಿಟ್ಟಿದ್ದಳು. ಆಮೇಲೆ ಊರಿಗೆ ಹೋಗಿದ್ದ ಯಂಕಮ್ಮ ಮೊನ್ನೆಯಷ್ಟೇ ಬಂದಿದ್ದಳು.

"ಎಣ್ಣಿ ಹಚ್ಚೋದದ, ಯಂಕಮ್ಮ. ಈಗ ಬರ್ತೀಯೇನು?"

ಯಾರಿಗೆಂದು ಹೇಳಲು ಸುಹಾಸಿನಿಗೆ ನಾಲಿಗೆ ಏಳಲಿಲ್ಲ. ಯಂಕಮ್ಮ ಕೇಳಲೂ ಇಲ್ಲ. ಎರೆಯುವವಳನ್ನು ಕರೆದ ಮೇಲೆ ಕೇಳುವುದೇನು?

ಅವಳು ಮೈ ತೊಳೆದು, ಮಡಿಚಿಟ್ಟ ಸೀರೆ ಉಟ್ಟು ಬಂದಳು. ಕೈಯಲ್ಲಿ ಹೊಗೆ ಹಾಕಲು ಒಂದು ಚೂರು ಲೋಬಾನ, ತಲೆ ಬೆನ್ನು ಮುಚ್ಚುವಂತೆ ಇಳಕಲ್ ಸೀರೆಯ ತುಂಡಿನಿಂದ ಹೊಲಿದ ಪುಟ್ಟ ಕುಂಚಿಗೆ. "ಮೊದಲ ಸಲ ಕೂಸಿನ ಹಂತ್ಯಾಕ ಬರಿಗೈಲೆ ಬರಬಾರದ್ರಿ. ನಾನೇ ಹೊಲಿದೀನಿ," ಎನ್ನುತ್ತಾ, ಸುಹಾಸಿನಿ ಕಾಯಿಸಿಟ್ಟಿದ್ದ ಎಣ್ಣೆಯ ಬಟ್ಟಲನ್ನು ಪಕ್ಕಕ್ಕೆಳೆದುಕೊಂಡು ಗೋಡೆಗೆ ಬೆನ್ನು ಕೊಟ್ಟು ಕೂತಳು. ಸೀರೆಯನ್ನು ಮೊಣಕಾಲಿಗೆ ಸರಿಸಿ ಎರಡೂ ಕಾಲು ಜೋಡಿಸಿ ಚಾಚಿದಳು. ಕೂಸಿಗೆ ಅದೇ ಹಾಸಿಗೆ.

"ತಗೊಂಬರ್ರಿ ಅವ್ವಾ. ಎಣ್ಣಿ ಆರಾಕತ್ತೈತಿ."

ಸುಹಾಸಿನಿ ಬಂಟಿಯ ಕೊರಳಪಟ್ಟಿ ಹಿಡಿದು ನಿಂತಿದ್ದಳು. "ಇದಕ್ಕ, ಯಂಕಮ್ಮ."

ಯಂಕಮ್ಮ ನಾಯಿಯನ್ನು ನೋಡಿದಳು. ಒಳಕೋಣೆಯ ಬಾಗಿಲಿನತ್ತ ನೋಡಿದಳು. ಆಮೇಲೆ ಸುಹಾಸಿನಿಯ ಮುಖ ನೋಡಿ, ಕುಂಚಿಗೆಯನ್ನು ತೊಡೆಯ ಕೆಳಗೆ ತಳ್ಳಿಬಿಟ್ಟಳು.

"ಯಾವಾಗ್ರಿ?"

"ಎರಡು ತಿಂಗಳಾತು."

ಸುಹಾಸಿನಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಯಂಕಮ್ಮ ಬೈಯಲಿಲ್ಲ, ಏಳಲೂ ಇಲ್ಲ. ಎಣ್ಣೆ ಸವರಿದ ಕೈ ಚಾಚಿ, "ಬಾರಪಾ," ಎಂದಳು. ಬಂಟಿ ಆ ಕೈ ಮೂಸಿತು. ಮುಂಗಾಲು ಏರಿಸಿ, ಆಮೇಲೆ ಇಡೀ ಮೈಯನ್ನೇ ಅವಳ ಕಾಲ ಮೇಲೆ ಚೆಲ್ಲಿತು. ಕತ್ತಿನಿಂದ ಬಾಲದವರೆಗೆ ಹೆಬ್ಬೆರಳು ಇಳಿದಂತೆಲ್ಲ ಅದರ ಕಣ್ಣು ಮುಚ್ಚಿಕೊಂಡವು. ಉದ್ದನೆಯ ಉಸಿರು ಬಂತು.

"ನೀವೂ ಕೈ ಹಚ್ಚರಿ. ಅದು ಇನ್ನ ನಿದ್ದಿ ಹೊಂಟೈತಿ."

ಸುಹಾಸಿನಿ ಕೈಯನ್ನು ಎಣ್ಣೆಯಲ್ಲಿ ಅದ್ದಿದಳು. ಉಸಿರು ಬಿಗಿ ಹಿಡಿದು ಪಕ್ಕೆಯ ಮೇಲಿಟ್ಟಳು. ಬಂಟಿ ಕಣ್ಣು ತೆರೆಯಿತು. ಈ ಸಲ ಕಚ್ಚಲಿಲ್ಲ, ಗುರ್ರೆನ್ನಲೂ ಇಲ್ಲ. ಸುಮ್ಮನೆ ಎದ್ದು, ಯಂಕಮ್ಮನ ಕಾಲು ದಾಟಿ, ಬಾಗಿಲಿಗೆ ಹೋಗಿ ನಿಂತಿತು.

ತೋಟದವನು ಬಂದಾಗ ಗುರುರಾಜ ಹೆಂಡತಿಯ ಮುಖ ನೋಡಿದ. ಅವಳು ಇಲ್ಲವೆಂದು ತಲೆಯಾಡಿಸಿದಳು. ಬಂಟಿಯನ್ನು ಎಳೆಯುವ ಪ್ರಸಂಗವೇ ಬರಲಿಲ್ಲ. ಅದು ಬಾಲ ಅಲ್ಲಾಡಿಸುತ್ತಾ ಲಿಫ್ಟ್ ಹತ್ತಿತು, ಗುರುರಾಜನೂ ಜೊತೆಗೆ ಇಳಿದು ಹೋದ.

ಸುಹಾಸಿನಿ ಬಾಗಿಲು ಹಾಕಿ, ಇನ್ನೂ ಎಣ್ಣೆಯ ಬಟ್ಟಲ ಬಳಿಯೇ ಇದ್ದ ಯಂಕಮ್ಮನ ಹತ್ತಿರ ಬಂದು ಕೂತಳು. ಅಳು ಕೂಡ ಬರಲಿಲ್ಲ.

"ಬಾಣಂತಿ ಅಂತ ನಿಮಗ ಯಾರಾರ ಎರದಾರೇನ್ರಿ?" ಯಂಕಮ್ಮ ಕೇಳಿದಳು.

"ಕೂಸೇ ಇಲ್ಲ. ನನಗ್ಯಾರು ಎರೀತಾರ?"

"ಕೂಸು ಇಲ್ಲಂದ್ರ ಏನಾತ್ರಿ, ನೀವು ಹಡದಾಕಿ ಅಲ್ಲೇನು? ಈ ಕಡೆ ತಿರುಗ್ರಿ."

ಅವಳು ಸುಹಾಸಿನಿಯ ಜಡೆ ಬಿಚ್ಚಿ, ಕೂದಲನ್ನು ಬೆನ್ನ ಮೇಲೆ ಹರಡಿದಳು. ಹರಡುತ್ತಲೇ ಕೇಳಿದಳು: "ಏನಿತ್ರಿ, ಗಂಡೋ ಹೆಣ್ಣೋ?"

ಎರಡು ತಿಂಗಳಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಆಫೀಸಿನವರು ಹೂಗುಚ್ಛ ಕಳಿಸಿದ್ದರು, ಅತ್ತೆ ಹಣೆಬರಹ ಅಂದಿದ್ದರು, ಗುರುರಾಜ ಆ ಮಾತನ್ನೇ ಎತ್ತುತ್ತಿರಲಿಲ್ಲ.

"ಹೆಣ್ಣು," ಎಂದಳು ಸುಹಾಸಿನಿ.

ಬಟ್ಟಲಿನ ಎಣ್ಣೆ ಆರಿಹೋಗಿತ್ತು. ಅದರಲ್ಲಿ ಬಂಟಿಯ ಕೂದಲು ತೇಲುತ್ತಿದ್ದವು. ಯಂಕಮ್ಮ ಅವನ್ನು ಬೆರಳ ತುದಿಯಿಂದ ಒಂದೊಂದಾಗಿ ತೆಗೆದು ಸೆರಗಿಗೆ ಒರೆಸಿಕೊಂಡಳು. ಉಳಿದ ಎಣ್ಣೆಯನ್ನು ಸುಹಾಸಿನಿಯ ನೆತ್ತಿಗೆ ಸುರಿದಳು.