ಕಟ್ಟೆ ಕುಸಿದ ಲೆಕ್ಕ

ಬಂದರಿನ ಕಟ್ಟೆ ಒಂದೇ ವರ್ಷದಲ್ಲಿ ಮೂರು ಸೆಂಟಿಮೀಟರ್ ಕುಸಿದಿದೆ ಎಂದು ವರದಿ ಬರೆದವಳು ಅಳತೆಗಾರ್ತಿಯೇ. ಆ ವರದಿ ನೋಡಿಯೇ ಕಟ್ಟೆಯ ಮೇಲಿದ್ದ ಅವಳ ಸೋದರಮಾವನ ದೋಣಿ ರಿಪೇರಿ ಶೆಡ್ಡಿಗೆ ನೋಟಿಸು ಹೋಗಿತ್ತು. ಸೋಮವಾರ ಕೆಡವುತ್ತಾರೆ.

ಶುಕ್ರವಾರ ಬೆಳಿಗ್ಗೆ ಹಳೆಯ ಅಳತೆ ಪುಸ್ತಕ ತಿರುವುತ್ತಿದ್ದವಳಿಗೆ ತಪ್ಪು ಕಣ್ಣಿಗೆ ರಾಚಿತು. ಹೋದ ವರ್ಷ ಅಳೆದದ್ದು ಇಳಿತದ ಹೊತ್ತಿನಲ್ಲಿ, ಈ ವರ್ಷ ಉಬ್ಬರದ ಹೊತ್ತಿನಲ್ಲಿ. ಉಬ್ಬರ ಬಂದಾಗ ಅಷ್ಟೊಂದು ನೀರಿನ ಭಾರಕ್ಕೆ ಕರಾವಳಿಯ ನೆಲವೇ ತುಸು ತಗ್ಗುತ್ತದೆ, ನೀರು ಸರಿದರೆ ಮತ್ತೆ ಏಳುತ್ತದೆ. ಹೊಸಬರಿಗೆ ಇದನ್ನು ಪಾಠ ಮಾಡುವ ಮಹಾತಾಯಿಯೇ ಹೀಗೆ ಎಡವಿದ್ದಳು! ತನ್ನನ್ನು ತಾನೇ ಚೆನ್ನಾಗಿ ಬೈದುಕೊಂಡು ಸೀದಾ ಬಂದರು ಕಚೇರಿಯ ಮುಖ್ಯಸ್ಥರ ಕೋಣೆಗೆ ನುಗ್ಗಿ ಎಲ್ಲ ಹೇಳಿದಳು.

“ಮಾವನ ಶೆಡ್ ಹೋಗತ್ತೆ ಅಂದ ಕೂಡ್ಲೇ ನೆಲ ಮೇಲೆ ಬಂತಾ?” ಮುಖ್ಯಸ್ಥರು ಕನ್ನಡಕದ ಮೇಲಿಂದ ನೋಡಿದರು.

“ನನ್ನ ನಂಬಬೇಡಿ ಸಾರ್, ನೀವೇ ಬಂದು ಕೂತ್ಕೊಳ್ಳಿ. ಇವತ್ತು ಹನ್ನೆರಡಕ್ಕೆ ಉಬ್ಬರ, ಆರೂಕಾಲಿಗೆ ಇಳಿತ. ಅಷ್ಟರಲ್ಲಿ ನೆಲ ಏಳ್ದೇ ಇದ್ರೆ ಶೆಡ್ಡಿಗೆ ಮೊದಲ ಪೆಟ್ಟು ನಾನೇ ಹಾಕ್ತೀನಿ.”

ಅವಳ ದನಿಯಲ್ಲಿ ಎಳ್ಳಷ್ಟೂ ಅಳುಕಿರಲಿಲ್ಲ. ಮುಖ್ಯಸ್ಥರು ಮುಖ ಗಂಟಿಕ್ಕಿಕೊಂಡೇ ಬಂದರು. ಕಟ್ಟೆಯ ತುದಿಯಲ್ಲಿ ಉಪಗ್ರಹದ ಸಂಕೇತದಿಂದ ಎತ್ತರ ಅಳೆಯುವ ರಿಸೀವರ್ ನಿಲ್ಲಿಸಿ, ಉಬ್ಬರದ ಭಾರ ತಟ್ಟದ ದೂರದ ಒಳನಾಡಿನ ಇನ್ನೊಂದರ ಜೊತೆ ತಾಳೆ ನೋಡುತ್ತಾ, ಗಂಟೆಗೊಮ್ಮೆ ಅಂಕಿಯನ್ನು ಅವರೇ ಕೈಯಾರೆ ಬರೆದುಕೊಂಡರು. ಒಂದು ಗಂಟೆಗೆ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ.

“ನೋಡಿದ್ಯಾ?”

“ನೀರೇ ಇನ್ನೂ ಹೊರಟಿಲ್ಲ ಸಾರ್, ನೀವ್ಯಾಕೆ ಅವಸರ ಮಾಡ್ತೀರಿ?”

ಮೂರು ಗಂಟೆಗೆ ನೆಲ ಒಂದೂವರೆ ಸೆಂಟಿಮೀಟರ್ ಎದ್ದಿತ್ತು. ಆರೂಕಾಲಿಗೆ ಮೂರು ದಾಟಿತು. ಮುಖ್ಯಸ್ಥರು ಪೆನ್ಸಿಲ್ ಕೆಳಗಿಟ್ಟು ಗಂಟಲು ಸರಿಮಾಡಿಕೊಂಡರು. “ನೋಟಿಸು ರದ್ದು. ಹಳೇ ವರದಿನ ಸದ್ದಿಲ್ದೆ ಹರಿದು ಹಾಕೋಣ್ವಾ?”

“ಬೇಡ. ತಪ್ಪು ನಂದು ಅಂತ ಅದ್ರ ಮೇಲೇ ಬರೆದು ಸಹಿ ಹಾಕ್ತೀನಿ.”

ಗೆದ್ದ ಹುಮ್ಮಸ್ಸಿನಲ್ಲಿ ಶೆಡ್ಡಿನ ಬಾಗಿಲು ತಳ್ಳಿದರೆ ಒಳಗೆ ಗೋಡೆಗಳೆಲ್ಲ ಬೋಳು. ಮೂವತ್ತು ವರ್ಷ ಅಲ್ಲೇ ನೇತಾಡಿದ್ದ ಗರಗಸ, ಉಳಿ, ಬೈರಿಗೆಗಳನ್ನು ಪೆಟ್ಟಿಗೆಗೆ ತುಂಬಿ ಮಾವ ಹಗ್ಗ ಬಿಗಿಯುತ್ತಿದ್ದ. ಸುದ್ದಿ ಕೇಳಿ ತಲೆ ಆಡಿಸಿದ, ಅಷ್ಟೇ.

“ನನ್ ಜೊತೆ ಒಂದ್ ಮಾತು ಜಗಳ ಆಡ್ಲಿಲ್ವಲ್ಲ ಮಾವ? ಅಳತೆ ತಪ್ಪಿರ್ಬೋದು ಅಂತ ಒಂದ್ಸಲನಾದ್ರೂ ಕೇಳ್ಬಾರ್ದಿತ್ತಾ?”

“ಅಳೆದವಳು ನೀನಲ್ವೇನೇ?” ಎಂದ ಮಾವ.

ದಿನವಿಡೀ ತಲೆಯೆತ್ತಿ ನಿಂತಿದ್ದವಳು ನಾಚಿಕೆಯಿಂದ ತಲೆ ತಗ್ಗಿಸಿದಳು. ಪಕ್ಕದಲ್ಲಿ ಕೂತು, ಅವನು ಹಾಕಿದ್ದ ಗಂಟುಗಳನ್ನು ಒಂದೊಂದಾಗಿ ಬಿಚ್ಚತೊಡಗಿದಳು.