ತಾಂಬೂಲದ ರೈಲು

ಶಿಡ್ಲಘಟ್ಟದಲ್ಲಿ ಸಂಸಾರ ಹೂಡಿದವರಿಗೆ ಮೂಗು ಬಲು ಸೂಕ್ಷ್ಮವಿದ್ದರೆ ಆಗುವುದಿಲ್ಲ. ನೂಲು ತೆಗೆದ ಮೇಲೆ ಉಳಿಯುವ ಸತ್ತ ರೇಷ್ಮೆಹುಳದ ವಾಸನೆ ನಮ್ಮ ಅಡುಗೆಮನೆಯ ಕಿಟಕಿಯಲ್ಲೇ ಬರುತ್ತದೆ. ಅದನ್ನು ಉಸಿರಾಡುತ್ತಲೇ ನಾನು ಹಿಟ್ಟು ರುಬ್ಬುತ್ತೇನೆ, ಊಟ ಬಡಿಸುತ್ತೇನೆ. ಹೇಸಿಗೆ ಎಂದರೇನೆಂದು ನನಗೆ ಗೊತ್ತಾದದ್ದು ಗಂಗುಲಪ್ಪನವರ ಹಜಾರದಲ್ಲಿ, ಅವರ ಮಗಳ ನಿಶ್ಚಿತಾರ್ಥದ ದಿನ.

ನಮ್ಮ ಯಜಮಾನರು ಚನ್ನಕೇಶವ, ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಅವರೂ ಮಗಳು ನಾಗಮಣಿಯೂ ಸೇರಿ ಒಂದು ರೈಲು ಮಾಡಿದ್ದರು. ಅಂಗಡಿಯಲ್ಲಿ ಸಿಗುವ ಕೀಲಿ ಆಟಿಕೆಯಲ್ಲ. ನಮ್ಮೂರಿನ ಸಣ್ಣ ರೈಲನ್ನೇ ಸ್ಟೇಷನ್ನಿಗೆ ಹೋಗಿ ನೋಡಿ ನೋಡಿ ಮಾಡಿದ್ದು. ಒಂದೊಂದು ಬೋಗಿಯೂ ಮೊಳದುದ್ದ. ಆ ವರ್ಷ ತಗಡಿನ ಹಳೆಯ ಹಳಿ ಕಿತ್ತು ಅಲ್ಯೂಮಿನಿಯಂ ಪಟ್ಟಿಯ ಹೊಸ ಹಳಿ ಮಾಡಿದರು. ಚಿಕ್ಕಬಳ್ಳಾಪುರದ ಲೇತ್ ಅಂಗಡಿಯಲ್ಲಿ ಚಕ್ರ ಕಡೆಸಿ ತಂದು, ಟೀ ಪೆಟ್ಟಿಗೆಯ ಹಲಗೆಯಲ್ಲಿ ಮೂರು ಹೊಸ ಬೋಗಿ ಕಟ್ಟಿದರು. ನನ್ನ ರವಿಕೆಯ ಚೂರುಬಟ್ಟೆಗೆ ಹತ್ತಿ ತುಂಬಿ ನಾಗಮಣಿ ಒಳಗೆ ಸೀಟು ಹೊಲಿದಿದ್ದಳು.

ಆದರೆ ಹಳಿ ಹಾಸಲು ಜಾಗವೆಲ್ಲಿ? ಎರಡು ಕೋಣೆಯ ಬಾಡಿಗೆ ಮನೆ. ಭಾನುವಾರ ಹಾಸಿಗೆ ಸುತ್ತಿಟ್ಟು ಹಳಿ ಜೋಡಿಸುವುದು, ಸಂಜೆಗೆ ಬಿಚ್ಚುವುದು. ರೇಷ್ಮೆ ನೂಲಿನ ಘಟಕ ನಡೆಸುವ ಗಂಗುಲಪ್ಪನವರ ಗೋಡೌನ್ ಒಂದು ಖಾಲಿ ಬಿದ್ದಿತ್ತು. ಇವರು ಹೋಗಿ ಕೇಳಿದರು. ನಾಗಮಣಿಯೂ ನಾನೂ ಜೊತೆಗಿದ್ದೆವು.

"ತಗೊಳ್ಳಿ ಮೇಷ್ಟ್ರೇ, ಅದಕ್ಕೇನಂತೆ! ಮೊದ್ಲು ನಮ್ಮ ಹುಡುಗಿ ನಿಶ್ಚಿತಾರ್ಥಕ್ಕೆ ತಂದು ಓಡಿಸಿ. ಬೀಗರು ಕೂತಲ್ಲಿಗೇ ರೈಲಲ್ಲಿ ತಾಂಬೂಲ ಹೋಗ್ಬೇಕು. ಅವರೂರು ಚಿಂತಾಮಣಿ ಇಡೀ ಮಾತಾಡ್ಬೇಕು!"

"ಬೋಗಿ ಮೇಲ್ಗಡೆ ಮುಚ್ಚಿದೆ ಅಂಕಲ್," ಎಂದಳು ನಾಗಮಣಿ.

"ಮುಚ್ಚಳ ತೆಗಿಯಮ್ಮಾ ತಲ್ಲೀ! ಒಳಗೆ ಯಾರು ನೆನೀತಾರೆ?"

ಮುಚ್ಚಳ ತೆಗೆದರು.

ಹಜಾರದ ಜಮಖಾನದ ಸುತ್ತ ಹೊಸ ಹಳಿ ಹೊಳೆಯಿತು. ಸ್ಕೂಟರ್ ಬ್ಯಾಟರಿಯ ಪಕ್ಕ ಸ್ವಿಚ್ ಹಿಡಿದು ನಾಗಮಣಿ ಕೂತಳು. ಎಲೆ, ಅಡಿಕೆ, ಸುಣ್ಣದ ಬಟ್ಟಲು ಹೊತ್ತು ರೈಲು ಹೊರಟಾಗ ಗಂಡಿನ ಕಡೆಯವರು ಚಪ್ಪಾಳೆ ತಟ್ಟಿದರು. ಮಗಳ ಮುಖ ನೋಡಿ ನನ್ನ ಕಣ್ಣು ತುಂಬಿತು.

ಎಲೆ ಮುಗಿದವು. ಖಾಲಿ ಬೋಗಿಗಳು ಸುತ್ತುತ್ತಿದ್ದವು. ಗಂಡಿನ ಸೋದರಮಾವ, ಕೈತುಂಬ ಉಂಗುರದ ಮನುಷ್ಯ, ಬೆರಳಲ್ಲಿ ಉಳಿದ ಸುಣ್ಣವನ್ನು ಕಂಬಕ್ಕೆ ಒರೆಸುವ ಹಾಗೆ ಬೋಗಿಯ ಮೈಗೆ ಒರೆಸಿದ. ಪಕ್ಕದವನೂ ಒರೆಸಿದ. ರೈಲು ಮತ್ತೊಮ್ಮೆ ಬರುವಷ್ಟರಲ್ಲಿ ಸೋದರಮಾವನ ಬಾಯಿ ತುಂಬಿತ್ತು. ಎದ್ದು ಹೋಗಲು ಸೋಮಾರಿತನ. ಬಗ್ಗಿ ಬೋಗಿಯೊಳಗೆ ಉಗಿದ.

ಹಜಾರವೆಲ್ಲ ನಕ್ಕಿತು.

"ಚೂಡಂಡಿ, ನೋಡ್ರಿ!" ಎಂದರು ಗಂಗುಲಪ್ಪ ತೊಡೆ ತಟ್ಟಿ. "ನಮ್ಮ ಬೀಗರಿಗೆ ಪೀಕದಾನಿನೂ ರೈಲಲ್ಲೇ ಬರ್ತದೆ!"

ಇನ್ನು ಕೇಳಬೇಕೆ? ಒಬ್ಬೊಬ್ಬರಾಗಿ ಎಲ್ಲರೂ ಉಗಿದರು. ಒಬ್ಬ ಬೀಡಿತುಂಡು ಹಾಕಿದ. ಎಲೆಯನ್ನೇ ಹಾಕದವನೊಬ್ಬ ತಾನೇಕೆ ಬಿಡಲಿ ಎಂದು ಕ್ಯಾಕರಿಸಿ ಕಫ ಉಗಿದ. ತಿರುವಿನಲ್ಲಿ ಬೋಗಿ ಕುಲುಕಿದಾಗ ಕೆಂಪು ಎಂಜಲು ಹೊಸ ಹಳಿಯ ಮೇಲೆ ಚೆಲ್ಲಿ, ಚಕ್ರಕ್ಕೆ ಮೆತ್ತಿಕೊಂಡು ಎಳೆಎಳೆಯಾಗಿ ಸುತ್ತಿತು. ಅದಕ್ಕಿಂತ ಅಸಹ್ಯವಾದದ್ದು ನಮ್ಮ ಯಜಮಾನರ ಮುಖ. ಇವರೂ ನಗುತ್ತಿದ್ದರು.

"ರೀ, ನಿಲ್ಲಿಸೋಕೆ ಹೇಳಿ," ಎಂದೆ ಹತ್ತಿರ ಹೋಗಿ.

"ಸುಮ್ನಿರೇ. ಗೋಡೌನ್ ಮಾತು ಈಗಾಗುತ್ತೆ."

ಆಯಿತು ಕೂಡ. "ಗೋಡೌನ್ ನಿಮ್ದೇ ಮೇಷ್ಟ್ರೇ," ಎಂದರು ಗಂಗುಲಪ್ಪ. "ಆದ್ರೆ ಮದುವೆಗೂ ಇದೇ ರೈಲು. ಆಮೇಲೆ ನಮ್ಮನೇಲಿ ಏನೇ ನಡೆದ್ರೂ ಇದೇ ರೈಲು!"

ನಾಗಮಣಿ ಅಳುತ್ತಿರಲಿಲ್ಲ. ಗೋಡೆ ನೋಡಿಕೊಂಡು ಸ್ವಿಚ್ ಹಿಡಿದೇ ಇದ್ದಳು. ಅಪ್ಪ ನಿಲ್ಲಿಸು ಎಂದಿರಲಿಲ್ಲವಲ್ಲ. ನಾನು ಪಕ್ಕ ಕೂತು ಅವಳ ಬೆನ್ನ ಮೇಲೆ ಕೈಯಿಟ್ಟೆ.

"ಆರಿಸಮ್ಮ."

ಆರಿಸಿದಳು. ರೈಲು ಸೋದರಮಾವನ ಎದುರೇ ನಿಂತಿತು.

"ಏನಮ್ಮಾ, ಕೆಟ್ಟೋಯ್ತಾ ಗಾಡಿ?" ಎಂದ ಆತ.

"ಗಾಡಿ ಚೆನ್ನಾಗಿದೆಯಪ್ಪ. ಉಗಿಯೋಕೆ ಹೊರಗಡೆ ಚರಂಡಿ ಇದೆ, ಅಲ್ಲಿಗೆ ನಡ್ಕೊಂಡು ಹೋಗ್ಬೇಕು," ಎಂದೆ.

"ಗೋಡೌನ್ ನಮಗೆ ಬೇಡ ಅಣ್ಣ," ಎಂದೆ ಗಂಗುಲಪ್ಪನವರಿಗೆ. ಹಳಿಯ ಒಂದು ತುಂಡು ಬಿಚ್ಚಿದೆ. ಆಮೇಲೆ ಇವರೂ ಬಂದು, ತಲೆಯೆತ್ತದೆ, ಇನ್ನೊಂದು ತುಂಡಿಗೆ ಕೈ ಹಾಕಿದರು.

ಮನೆಯ ಹಿತ್ತಲಿನ ನಲ್ಲಿಯ ಕೆಳಗೆ ಬೋಗಿಗಳನ್ನು ಅಂಟುವಾಳದ ನೀರಲ್ಲಿ ಉಜ್ಜಿದೆ. ಎರಡು ಬೋಗಿ ಶುದ್ಧವಾದವು. ಮೂರನೆಯದರ ಸೀಟಿನ ಹತ್ತಿ ಎಂಜಲು ಕುಡಿದು ಉಬ್ಬಿತ್ತು, ಹಲಗೆಯೊಳಗೂ ಇಳಿದಿತ್ತು.

"ಇದು ಬೇಡಮ್ಮ," ಎಂದಳು ನಾಗಮಣಿ. "ಬೇರೆ ಮಾಡ್ತೀನಿ. ನಮ್ಮನೇಲೇ ಓಡ್ಲಿ ಬಿಡು."

ಬಿಸಿಲಿಗಿಟ್ಟು, ಮಾರನೆಯ ದಿನ ಆ ಬೋಗಿಯನ್ನು ಹಂಡೆಯ ಒಲೆಗೆ ಹಾಕಿದೆ. ಒಣಗಿದ ಹಲಗೆ ಚೆನ್ನಾಗಿಯೇ ಉರಿಯಿತು. ನೀರು ಕುದಿಯಿತು. ಎಂಜಲು ಸುಟ್ಟು ಕಾಯಿಸಿದ ಆ ನೀರಿನ ಸ್ನಾನಕ್ಕೆ ಮೂವರಲ್ಲಿ ಒಬ್ಬರೂ ಏಳಲಿಲ್ಲ. ಕೊನೆಗೆ ಅಷ್ಟೂ ನೀರನ್ನು ನಾನೇ ಬಚ್ಚಲಿಗೆ ಸುರಿದು, ಹಂಡೆಗೆ ಹೊಸ ನೀರು ತುಂಬಿಸಿದೆ.